ಬೆಂಚಿನ ಹಿಂದೆ ನಿಲ್ಲುವವರನ್ನು ಆರಿಸುವವರು ಯಾರು? ಒಂದು ಐಸ್ ಹಾಕಿ ತಂಡದ ಪ್ರಕರಣ

ಉತ್ತರ ಅಮೆರಿಕದ ಒಂದು ವೃತ್ತಿಪರ ಐಸ್ ಹಾಕಿ ತಂಡದಲ್ಲಿ, ಪಂದ್ಯಗಳ ವಿಡಿಯೊ ಮತ್ತು ಅಂಕಿ ಅಂಶಗಳನ್ನು ನೋಡಿಕೊಳ್ಳುವ ಸಣ್ಣ ವಿಭಾಗದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಒಬ್ಬ ಸಹಾಯಕ ಕೋಚ್‌ನ ನೇಮಕದಿಂದ ಹುಟ್ಟಿದ ತೊಡಕನ್ನು ಹತ್ತಿರದಿಂದ ಕಂಡೆ. ಸಂದರ್ಶನಗಳಿಗೆ ಟಿಪ್ಪಣಿ ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬನಾಗಿದ್ದರಿಂದ ಆ ತೊಡಕಿನಲ್ಲಿ ನನ್ನ ಪಾಲೂ ಇದೆ. ತಂಡದ ಹೆಸರು, ಲೀಗ್, ಊರು, ವರ್ಷ ಯಾವುದನ್ನೂ ಇಲ್ಲಿ ಕೊಡುತ್ತಿಲ್ಲ. ಗುರುತು ಸಿಗುವಂಥ ಅಂಕಿಗಳನ್ನು ಬಿಟ್ಟಿದ್ದೇನೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ನಡೆದವು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ

ಹಾಕಿ ಎಂದೊಡನೆ ಕೊಡಗಿನ ಮೈದಾನಗಳನ್ನು ನೆನೆಯುವ ನಮ್ಮ ಓದುಗರಿಗೆ ಐಸ್ ಹಾಕಿಯ ಬೆಂಚಿನ ಕೆಲಸವನ್ನು ತುಸು ವಿವರಿಸಬೇಕಾಗುತ್ತದೆ. ಪಂದ್ಯವು 20 ನಿಮಿಷಗಳ ಮೂರು ಅವಧಿಗಳಲ್ಲಿ ನಡೆಯುತ್ತದೆ. ಇಬ್ಬರು ಗೋಲ್‌ಕೀಪರ್‌ಗಳನ್ನು ಬಿಟ್ಟರೆ 18 ಆಟಗಾರರು ಸಜ್ಜಾಗಿರುತ್ತಾರೆ, ಆದರೆ ಹಿಮದ ಮೇಲೆ ಒಮ್ಮೆಗೆ ಆಡುವವರು ಐದೇ ಮಂದಿ. ಮುಕ್ಕಾಲು ನಿಮಿಷದಷ್ಟು ಹೊತ್ತು ಪೂರ್ಣ ವೇಗದಲ್ಲಿ ಆಡಿದ ಮೇಲೆ ಅವರು ಬೆಂಚಿಗೆ ಮರಳಬೇಕು. ಆಟ ನಿಲ್ಲದೆ ಸಾಗುತ್ತಿರುವಾಗಲೇ ಈ ಬದಲಾವಣೆ ನಡೆಯಬೇಕಾದ್ದರಿಂದ, ಮುಂದಿನ ಸಾಲಿಗೆ ಯಾರು, ಹಿಂದಿನ ಸಾಲಿಗೆ ಯಾರು ಎಂಬುದನ್ನು ಬೆಂಚಿನ ಹಿಂದೆ ನಿಂತವರು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಿರುತ್ತಾರೆ. ಸಾಮಾನ್ಯವಾಗಿ ಮುಂದಿನ ಸಾಲುಗಳನ್ನು, ಅಂದರೆ ದಾಳಿ ನಡೆಸುವ ಮುಂದಾಳು ಆಟಗಾರರನ್ನು, ಮುಖ್ಯ ಕೋಚ್ ಕರೆಯುತ್ತಾರೆ, ಡಿಫೆನ್ಸ್ ಜೋಡಿಗಳನ್ನು ಸಹಾಯಕರೊಬ್ಬರು ಕಳಿಸುತ್ತಾರೆ. ಆಟಗಾರನೊಬ್ಬ ತಪ್ಪೆಸಗಿ ಎರಡು ನಿಮಿಷ ಹೊರಗುಳಿದಾಗ ನಾಲ್ವರು ಐವರನ್ನು ತಡೆಯುವ ಆಟಕ್ಕೆ ಪೆನಾಲ್ಟಿ ಕಿಲ್ ಎನ್ನುತ್ತಾರೆ. ಎದುರಾಳಿ ಬದಿಗೆ ಅದೇ ಪವರ್ ಪ್ಲೇ. ಈ ಎರಡನ್ನೂ ಬೇರೆ ಬೇರೆ ಸಹಾಯಕರು ಹೊಣೆಹೊತ್ತು ರೂಪಿಸುವುದು ರೂಢಿ. ಪಂದ್ಯದ ಫಲಿತಾಂಶ ಅನೇಕ ಸಲ ಈ ಎರಡೆರಡು ನಿಮಿಷಗಳಲ್ಲೇ ತೀರ್ಮಾನವಾಗುವುದರಿಂದ ಸಹಾಯಕ ಎಂಬ ಹೆಸರು ಆ ಕೆಲಸದ ತೂಕವನ್ನು ಸರಿಯಾಗಿ ಹೇಳುವುದಿಲ್ಲ.

ಈ ಹುದ್ದೆಗೆ ದೀರ್ಘ ಇತಿಹಾಸವೇನೂ ಇಲ್ಲ. ಉತ್ತರ ಅಮೆರಿಕದ ಅತ್ಯುನ್ನತ ಐಸ್ ಹಾಕಿ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಪೂರ್ಣಾವಧಿಯ ಮೊದಲ ಸಹಾಯಕ ಕೋಚ್ ಎಂದು ಗುರುತಿಸಲಾಗುವ ಮೈಕ್ ನಿಕೊಲಕ್ ಅವರನ್ನು ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡದ ಕೋಚ್ ಫ್ರೆಡ್ ಶೀರೊ ಜೊತೆಗೆ ಸೇರಿಸಿಕೊಂಡದ್ದು 1972ರಲ್ಲಿ. 1974 ಮತ್ತು 1975ರಲ್ಲಿ ಆ ತಂಡ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಅಂದು ಕೋಚ್ ತನಗೆ ಬೇಕಾದ ಒಬ್ಬ ಜೊತೆಗಾರನನ್ನು ಕರೆತರುತ್ತಿದ್ದ. ಇಂದು ಮುಂದಾಳು ಆಟಗಾರರಿಗೊಬ್ಬ, ಡಿಫೆನ್ಸ್‌ಗೊಬ್ಬ, ಗೋಲ್‌ಕೀಪರ್‌ಗಳಿಗೊಬ್ಬ, ವಿಡಿಯೊಗೊಬ್ಬ ಎಂದು ಸಿಬ್ಬಂದಿ ಬೆಳೆದಿದೆ. ಅವರ ಆಯ್ಕೆಯಲ್ಲಿ ಮಾತನಾಡುವವರೂ ಬೆಳೆದಿದ್ದಾರೆ. ಮಾಲೀಕರು ಅಧ್ಯಕ್ಷರನ್ನು, ಅಧ್ಯಕ್ಷರು ಆಟಗಾರರನ್ನು ಆರಿಸಿ ತಂಡ ಕಟ್ಟುವ ಜನರಲ್ ಮ್ಯಾನೇಜರ್‌ರನ್ನು, ಜನರಲ್ ಮ್ಯಾನೇಜರ್ ಮುಖ್ಯ ಕೋಚ್‌ರನ್ನು ನೇಮಿಸುತ್ತಾರೆ ಎಂಬಲ್ಲಿಯವರೆಗೆ ಯಾರಿಗೂ ಗೊಂದಲವಿಲ್ಲ. ಅದರ ಕೆಳಗಿನ ಮೆಟ್ಟಿಲಿನಲ್ಲಿ, ಮುಖ್ಯ ಕೋಚ್ ಆರಿಸುತ್ತಾರೆ, ಜನರಲ್ ಮ್ಯಾನೇಜರ್ ಒಪ್ಪಿಗೆ ಕೊಡುತ್ತಾರೆ ಎಂಬುದು ಬಾಯಿಮಾತಿನ ನಿಯಮ. ಆ ಒಪ್ಪಿಗೆ ಎಂಬ ಮಾತಿನೊಳಗೆ ಎಷ್ಟು ಅಧಿಕಾರ ಅಡಗಿದೆ ಎಂಬುದು ತಂಡದಿಂದ ತಂಡಕ್ಕೆ ಬದಲಾಗುತ್ತದೆ.

ಋತುವಿನ ನಡುವೆ ಕೋಚ್ ಬದಲಾದಾಗಲಂತೂ ಆ ಬಾಯಿಮಾತಿನ ನಿಯಮವೂ ನಿಲ್ಲುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಮೈಕ್ ಸಲಿವನ್ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್‌ನ ಮುಖ್ಯ ಕೋಚ್ ಆಗಿ ಬಂದಾಗ, ಹಿಂದಿನ ಕೋಚ್‌ನ ಕಾಲದಿಂದಲೇ ಅಲ್ಲಿದ್ದ ರಿಕ್ ಟಾಕೆಟ್ ಸಹಾಯಕರಾಗಿ ಮುಂದುವರಿದರು. 2016 ಮತ್ತು 2017ರಲ್ಲಿ ಇಬ್ಬರೂ ಜೊತೆಯಾಗಿ ಕಪ್ ಗೆದ್ದರು. 2023ರ ನವೆಂಬರ್‌ನಲ್ಲಿ ಎಡ್ಮಂಟನ್ ಆಯಿಲರ್ಸ್ ತಂಡ ಜೇ ವುಡ್‌ಕ್ರಾಫ್ಟ್ ಹಾಗೂ ಅವರ ಸಹಾಯಕ ಡೇವ್ ಮ್ಯಾನ್ಸನ್ ಇಬ್ಬರನ್ನೂ ಒಟ್ಟಿಗೆ ಬಿಡುಗಡೆ ಮಾಡಿ, ಕ್ರಿಸ್ ನಾಬ್ಲಾಕ್ ಅವರನ್ನು ಮುಖ್ಯ ಕೋಚ್ ಆಗಿ ತಂದಿತು. ಅವರ ಪಕ್ಕದಲ್ಲಿ ಡಿಫೆನ್ಸ್ ನೋಡಿಕೊಳ್ಳಲು ನಿಂತವರು ತಂಡದ ಹಳೆಯ ತಾರೆ, ಅದುವರೆಗೆ ಮಾಲೀಕತ್ವಕ್ಕೆ ಸಲಹೆಗಾರರಾಗಿದ್ದ ಪಾಲ್ ಕಾಫಿ. ಹಿಂದಿನ ಋತುವಿನಲ್ಲಿ ಶೇ 32.4ರ ಯಶಸ್ಸಿನೊಂದಿಗೆ ಲೀಗ್ ದಾಖಲೆ ಬರೆದಿದ್ದ ಪವರ್ ಪ್ಲೇಯ ಹೊಣೆಗಾರ ಗ್ಲೆನ್ ಗಲಟ್ಜನ್ ತಮ್ಮ ಜಾಗದಲ್ಲೇ ಉಳಿದರು. ಅಂದರೆ ಹೊಸ ಕೋಚ್‌ನ ಬೆಂಚು ಬಹುಮಟ್ಟಿಗೆ ಅವರು ಬರುವ ಮೊದಲೇ ತುಂಬಿತ್ತು. ಆ ತಂಡ 2024ರ ಜೂನ್‌ನಲ್ಲಿ ಅಂತಿಮ ಸರಣಿಯ ಏಳನೆಯ ಪಂದ್ಯದವರೆಗೆ ಹೋಯಿತು. ಹೀಗಾಗಿ, ಕೋಚ್ ತಾನೇ ಆರಿಸದ ಸಹಾಯಕನೊಡನೆ ಕೆಲಸ ಕೆಡುತ್ತದೆ ಎಂದು ಸಾರಾಸಗಟಾಗಿ ಹೇಳುವವರೊಂದಿಗೆ ನನ್ನ ಸಹಮತವಿಲ್ಲ. ನಾನು ಕಂಡ ಪ್ರಕರಣದಲ್ಲಿ ಕೆಟ್ಟದ್ದು ಬೇರೆಯದು.

ಆಯ್ಕೆ ನಡೆದ ರೀತಿ

ನಮ್ಮ ಮುಖ್ಯ ಕೋಚ್ ಕೆಳಹಂತದ ತಂಡದಿಂದ ಋತುವಿನ ನಡುವೆ ತಾತ್ಕಾಲಿಕವಾಗಿ ಬಂದವರು. ವಸಂತದಲ್ಲಿ ಅವರಿಗೆ ಮೂರು ವರ್ಷಗಳ ಒಪ್ಪಂದ ಸಿಕ್ಕಿತು. ಅದೇ ಹೊತ್ತಿಗೆ ಡಿಫೆನ್ಸ್ ಮತ್ತು ಪೆನಾಲ್ಟಿ ಕಿಲ್ ನೋಡಿಕೊಳ್ಳುತ್ತಿದ್ದ ಸಹಾಯಕರ ಒಪ್ಪಂದ ಮುಗಿದು ಆ ಜಾಗ ಖಾಲಿಯಾಯಿತು. ಹೊಸ ಕೋಚ್‌ನ ಒಪ್ಪಂದದಲ್ಲಿ ಸಹಾಯಕರ ಆಯ್ಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಹುಕಾಲ ಕಾದು ಸಿಕ್ಕ ಅವಕಾಶಕ್ಕೆ ಸಹಿ ಹಾಕುವ ಮನುಷ್ಯ ಅಂಥ ಸಾಲನ್ನು ಕೇಳುವುದು ಕಷ್ಟವೆಂಬುದು ನನಗೆ ಅರ್ಥವಾಗುತ್ತದೆ. ಕೊಡುವವರೇ ಅದನ್ನು ಎತ್ತಬೇಕಿತ್ತು.

ನಾಲ್ವರನ್ನು ಕರೆದರು. ಜನರಲ್ ಮ್ಯಾನೇಜರ್, ಅವರ ಸಹಾಯಕ ಮತ್ತು ಮುಖ್ಯ ಕೋಚ್ ಸಂದರ್ಶನ ನಡೆಸಿದರು. ನಮ್ಮದೇ ಪೆನಾಲ್ಟಿ ಕಿಲ್‌ನ ಹತ್ತು ನಿಮಿಷಗಳ ವಿಡಿಯೊವನ್ನು ನಾನು ಕತ್ತರಿಸಿ ಜೋಡಿಸಿದ್ದೆ. ನಾಲ್ವರಿಗೂ ಅದನ್ನೇ ತೋರಿಸಿ, ಏನು ಕಾಣುತ್ತದೆ, ಏನು ಬದಲಿಸುತ್ತೀರಿ ಎಂದು ಕೇಳಲಾಯಿತು. ಇಬ್ಬರು ಬೇಗ ಹಿಂದೆ ಬಿದ್ದರು. ಉಳಿದವರಲ್ಲಿ ಒಬ್ಬರು ಕೆಳಹಂತದ ತಂಡದಲ್ಲಿ ಮುಖ್ಯ ಕೋಚ್‌ನೊಂದಿಗೆ ನಾಲ್ಕು ವರ್ಷ ದುಡಿದವರು. ಪಕ್ (ಆಟದ ರಬ್ಬರ್ ಬಿಲ್ಲೆ) ನಮ್ಮ ವಲಯದ ಅಂಚಿನ ನೀಲಿ ಗೆರೆ ದಾಟುವ ಮೊದಲೇ ನಮ್ಮ ಇಬ್ಬರು ಮುಂದಾಳುಗಳು ತುಂಬ ಹಿಂದೆ ಸರಿಯುತ್ತಾರೆ ಎಂಬುದನ್ನು ಎರಡನೆಯ ತುಣುಕಿನಲ್ಲೇ ಹಿಡಿದರು. ಇನ್ನೊಬ್ಬರು ನಮ್ಮ ತಂಡಕ್ಕೇ ದೀರ್ಘಕಾಲ ಆಡಿ ನಿವೃತ್ತರಾಗಿ, ಯುವ ಆಟಗಾರರ ಬೆಳವಣಿಗೆಯ ವಿಭಾಗದಲ್ಲಿದ್ದವರು. ವಿಡಿಯೊದಲ್ಲಿ ರಚನೆಗಿಂತ ಆಟಗಾರರ ಮನಸ್ಸನ್ನು ಹೆಚ್ಚು ಓದಿದರು: ಇವನು ಹಿಂದಿನ ತಪ್ಪಿಗೆ ಹೆದರಿ ಕೋಲನ್ನು ತಡವಾಗಿ ಚಾಚುತ್ತಿದ್ದಾನೆ ಎಂದು ಒಬ್ಬ ಡಿಫೆನ್ಸ್ ಆಟಗಾರನನ್ನು ಕುರಿತು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ, ಏಕೆಂದರೆ ಅದು ನಿಜವಾಗಿತ್ತು. ಮಾಲೀಕರ ಮನೆಯವರಿಗೂ ಊರಿನ ಅಭಿಮಾನಿಗಳಿಗೂ ಇವರು ಬೇಕಾದವರು ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಂದರ್ಶನಗಳ ಕೊನೆಗೆ ಜನರಲ್ ಮ್ಯಾನೇಜರ್, ನಿಮ್ಮ ಒಲವು ಯಾರ ಕಡೆಗೆ ಎಂದು ಮುಖ್ಯ ಕೋಚ್‌ರನ್ನು ಕೇಳಿದರು. ಇಬ್ಬರೊಂದಿಗೂ ನಾನು ಕೆಲಸ ಮಾಡಬಲ್ಲೆ, ನಿಮಗೆ ಸರಿ ಕಂಡವರು ನನಗೂ ಸರಿ ಎಂದು ಅವರು ಉತ್ತರಿಸಿದರು. ಎರಡು ದಿನಗಳ ನಂತರ ಮಾಜಿ ಆಟಗಾರನ ನೇಮಕ ಪ್ರಕಟವಾಯಿತು. ಇಡೀ ಪ್ರಕರಣದ ಮೊದಲ ತಿರುವು ಈ ಸೌಜನ್ಯದ ಉತ್ತರವೇ ಎಂದು ನಾನು ನಂಬಿದ್ದೇನೆ. ಕೋಚ್ ತನ್ನ ಆಯ್ಕೆಯನ್ನು ಬಿಟ್ಟುಕೊಟ್ಟರು, ಆದರೆ ಬಿಟ್ಟುಕೊಟ್ಟೆನೆಂದು ಹೇಳಲಿಲ್ಲ. ಜನರಲ್ ಮ್ಯಾನೇಜರ್ ಆರಿಸಿದರು, ಆದರೆ ಆರಿಸಿದ್ದು ತಾನೆಂದು ಎಣಿಸಲಿಲ್ಲ. ನನ್ನ ಟಿಪ್ಪಣಿಯಲ್ಲಿ ನಾಲ್ವರ ಗುಣದೋಷಗಳ ಪಟ್ಟಿಯಿತ್ತು. ತೀರ್ಮಾನ ಯಾರದೆಂದು ಬರೆಯುವ ಜಾಗ ಇರಲಿಲ್ಲ.

ಬಿರುಕು

ಋತು ಆರಂಭವಾಗಿ ಎರಡು ತಿಂಗಳೊಳಗೆ ಪೆನಾಲ್ಟಿ ಕಿಲ್ ಲೀಗ್‌ನ ತಳದ ಕೆಲವು ತಂಡಗಳ ಸಾಲಿಗೆ ಇಳಿಯಿತು. ಮೊದಲನೆಯ ಗೋಲ್‌ಕೀಪರ್ ಗಾಯಗೊಂಡಿದ್ದರು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಆ ದಿನಗಳಲ್ಲಿ ಅದನ್ನು ಬಹುತೇಕ ಎಲ್ಲರೂ ಮರೆತಂತಿದ್ದರು. ಜನರಲ್ ಮ್ಯಾನೇಜರ್ ಪಂದ್ಯ ಮುಗಿದ ರಾತ್ರಿಗಳಲ್ಲಿ ಡಿಫೆನ್ಸ್ ಸಹಾಯಕರಿಗೆ ನೇರವಾಗಿ ಫೋನ್ ಮಾಡುತ್ತಿದ್ದರು. ಇಬ್ಬರೂ ಹಳೆಯ ಪರಿಚಯದವರು, ಮಾತಿನಲ್ಲಿ ಒಳಸಂಚೇನೂ ಇರಲಿಲ್ಲ. ಆದರೆ ಮರುದಿನ ಬೆಳಗಿನ ಸಭೆಯಲ್ಲಿ ಸಹಾಯಕರು ಹೇಳಿದ ಸಲಹೆಯೊಂದು ಹಿಂದಿನ ರಾತ್ರಿ ಮೇಲಿನಿಂದ ಬಂದದ್ದೇ, ಅವರದೇ ಸ್ವಂತದ್ದೇ ಎಂದು ಮುಖ್ಯ ಕೋಚ್‌ಗೆ ತಿಳಿಯದಂತಾಯಿತು. ಆಟಗಾರರಿಗೆ ಇಂಥದ್ದು ಬೇಗ ವಾಸನೆ ಹತ್ತುತ್ತದೆ. ಅವಕಾಶ ಕಡಿಮೆ ಸಿಕ್ಕವರು ಮುಖ್ಯ ಕೋಚ್‌ನ ಕೋಣೆಯ ಬಾಗಿಲು ತಟ್ಟುವ ಬದಲು ಸಹಾಯಕರ ಬಳಿ ಹೋಗತೊಡಗಿದರು.

ಎರಡನೆಯ ತಿರುವು ಒಂದು ಪಂದ್ಯದ ಮೂರನೆಯ ಅವಧಿಯಲ್ಲಿ ಬಂತು. ಒಂದು ಗೋಲಿನ ಮುನ್ನಡೆಯಿತ್ತು. ಉಳಿದ ಆರೇಳು ನಿಮಿಷ ನಾಲ್ವರೇ ಡಿಫೆನ್ಸ್ ಆಟಗಾರರನ್ನು ಬಳಸಿ ಎಂದು ಮುಖ್ಯ ಕೋಚ್ ಸಹಾಯಕರಿಗೆ ಹೇಳಿದರು. ಹೊರಗುಳಿಯಬೇಕಾದ ಇಬ್ಬರಲ್ಲಿ ಒಬ್ಬ, ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಜನರಲ್ ಮ್ಯಾನೇಜರ್ ಆರಿಸಿದ್ದ ಹುಡುಗ. ಅವನಿಗೆ ಆಟದ ಸಮಯ ಸಿಗಬೇಕೆಂದು ಅವರು ಬಯಸುತ್ತಿದ್ದದ್ದು ಗುಟ್ಟಾಗಿರಲಿಲ್ಲ. ಎರಡು ನಿಮಿಷ ಕಳೆಯುವುದರೊಳಗೆ ಆ ಹುಡುಗ ಹಿಮದ ಮೇಲಿದ್ದ, ಅವನ ಕೋಲಿನಿಂದ ಜಾರಿದ ಪಕ್ ನಮ್ಮ ಬಲೆ ಸೇರಿತು. ಪಂದ್ಯ ಸೋತೆವು. ಬೆಂಚಿನಲ್ಲಿ ಮುಖ್ಯ ಕೋಚ್ ಸಹಾಯಕರ ಕಡೆ ತಿರುಗಿ ನೋಡಿದ ನೋಟ ಟಿವಿಯಲ್ಲೂ ಕಂಡಿತು.

ನಾನು ಆ ತುಣುಕನ್ನು ಮೂರು ಕೋನಗಳಿಂದ ನೋಡಿದೆ. ಹಿರಿಯ ಆಟಗಾರನೊಬ್ಬ ನಿಮಿಷಕ್ಕೂ ಹೆಚ್ಚು ಕಾಲ ನಮ್ಮ ವಲಯದಲ್ಲೇ ಸಿಕ್ಕಿಬಿದ್ದು, ಉಸಿರುಗಟ್ಟಿ ಬೆಂಚಿನತ್ತ ಬಂದಿದ್ದ. ಅವನ ಜಾಗಕ್ಕೆ ಹೋಗಬೇಕಾಗಿದ್ದ ಇಬ್ಬರಲ್ಲಿ ಒಬ್ಬ ಆಗತಾನೆ ಹಿಂದಿರುಗಿದ್ದ, ಇನ್ನೊಬ್ಬನ ಸ್ಕೇಟ್‌ನ ಅಲಗನ್ನು ಸಲಕರಣೆಯವರು ಬದಲಿಸುತ್ತಿದ್ದರು. ಆ ಕ್ಷಣದಲ್ಲಿ ಯಾವ ಸಹಾಯಕನಾದರೂ ಆ ಹುಡುಗನನ್ನೇ ಕಳಿಸುತ್ತಿದ್ದ. ನಾನು ಇದನ್ನು ಮುಖ್ಯ ಕೋಚ್‌ಗೆ ತೋರಿಸಿದ್ದು ಎರಡು ದಿನಗಳ ನಂತರ, ಪ್ರಯಾಣ ಮುಗಿದ ಮೇಲೆ. ಅವರು ಗಮನವಿಟ್ಟು ನೋಡಿದರು, ಸರಿ ಎಂದರು, ಆದರೂ ಅವರ ಮುಖ ಸಡಿಲವಾಗಲಿಲ್ಲ. ಅದೇ ರಾತ್ರಿ ಎಬ್ಬಿಸಿಯಾದರೂ ತೋರಿಸಬೇಕಾಗಿತ್ತು ಎಂಬ ವ್ಯಥೆ ನನಗಿದೆ. ತಾನೇ ಕರೆತಂದ ಸಹಾಯಕ ಹಾಗೆ ಮಾಡಿದ್ದರೆ ಅವರು ಮೊದಲು ಕಾರಣ ಕೇಳುತ್ತಿದ್ದರು. ಇಲ್ಲಿ ಮೊದಲು ಅನುಮಾನಿಸಿದರು. ಸಹಾಯಕರ ನಿಷ್ಠೆ ಯಾರಿಗೆ ಎಂಬ ಪ್ರಶ್ನೆ ಒಮ್ಮೆ ತಲೆಹಾಕಿದ ಮೇಲೆ ಅವರ ಸರಿಯಾದ ತೀರ್ಮಾನವೂ ಪುರಾವೆಯಾಗಿ ಉಳಿಯಲಿಲ್ಲ. ಆ ಪ್ರಶ್ನೆಗೆ ಉತ್ತರಿಸುವ ಅವಕಾಶವೇ ಇಲ್ಲದ ಜಾಗದಲ್ಲಿ ಆ ಮನುಷ್ಯ ನಿಂತಿದ್ದರು, ಅವರ ಬಗ್ಗೆ ನನಗೆ ಇಂದಿಗೂ ಮರುಕವಾಗುತ್ತದೆ.

ಮಾಡಿದ ಪ್ರಯತ್ನಗಳು

ಮೊದಲು ಕೆಲಸಗಳನ್ನು ಅದಲುಬದಲು ಮಾಡಿದರು. ಪೆನಾಲ್ಟಿ ಕಿಲ್ ಅನ್ನು ಪವರ್ ಪ್ಲೇ ಸಹಾಯಕರಿಗೆ ಕೊಟ್ಟರು. ಎರಡನ್ನೂ ಹೊತ್ತ ಅವರಿಗೆ ಎದುರಾಳಿಯ ವಿಡಿಯೊ ನೋಡುವ ಹೊತ್ತೇ ಸಾಲದೆ, ಮೂರು ವಾರಗಳಲ್ಲಿ ಪವರ್ ಪ್ಲೇಯೂ ಕುಸಿಯಿತು. ಆಮೇಲೆ ಜನರಲ್ ಮ್ಯಾನೇಜರ್ ತಾವಾಗಿಯೇ ರಾತ್ರಿಯ ಫೋನ್‌ಗಳನ್ನು ನಿಲ್ಲಿಸಿ, ಸಹಾಯಕರೊಂದಿಗಿನ ಮಾತೆಲ್ಲ ಮುಖ್ಯ ಕೋಚ್ ಇರುವಾಗಲೇ ಎಂದು ನಿಯಮ ಮಾಡಿಕೊಂಡರು. ಇದು ಒಳ್ಳೆಯ ಹೆಜ್ಜೆ, ಅದನ್ನು ಅವರು ಪಾಲಿಸಿದರು ಕೂಡ. ಆದರೆ ಕಾರಣ ಹೇಳದೆ ನಿಲ್ಲಿಸಿದ್ದರಿಂದ, ಮೇಲಿನವರೂ ತನ್ನನ್ನು ಕೈಬಿಟ್ಟರೆಂದು ಸಹಾಯಕರು ಭಾವಿಸಿದರು.

ಸಹಾಯಕರನ್ನು ಬದಲಿಸಿಬಿಡಿ ಎಂಬ ಮಾತು ಜನವರಿಯಲ್ಲಿ ಬಂತು. ಆಟಗಾರರ ಸಂಬಳಕ್ಕಿರುವಂಥ ಮಿತಿ ಕೋಚ್‌ಗಳಿಗೆ ಇಲ್ಲ, ಆದ್ದರಿಂದ ತಡೆಯುವುದು ನಿಯಮವಲ್ಲ, ಮಾಲೀಕರ ಕೈಚೀಲ. ಬಿಡುಗಡೆಯಾದ ಕೋಚ್‌ಗೆ ಒಪ್ಪಂದದ ಉಳಿದ ಅವಧಿಯ ಸಂಬಳ ಸಲ್ಲಬೇಕಾಗುತ್ತದೆ. ಇವರ ಒಪ್ಪಂದದಲ್ಲಿ ಇನ್ನೂ ಎರಡು ವರ್ಷವಿತ್ತು. ಮುಖ್ಯ ಕೋಚ್ ಬಯಸಿದ್ದ ವ್ಯಕ್ತಿ ಅಷ್ಟರಲ್ಲಿ ಬೇರೆ ತಂಡ ಸೇರಿದ್ದರು. ಒಪ್ಪಂದದಲ್ಲಿರುವವರನ್ನು ಮಾತನಾಡಿಸಲೂ ಅವರ ತಂಡದ ಅನುಮತಿ ಬೇಕು, ಅದೇ ದರ್ಜೆಯ ಕೆಲಸಕ್ಕೆ ನಡು ಋತುವಿನಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ.

ಕೊನೆಗೆ ಅಧ್ಯಕ್ಷರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದೇ ಪ್ರಶ್ನೆ ಕೇಳಿದರು: ಈ ನೇಮಕ ಮಾಡಿದವರು ಯಾರು? ನೀವು ಒಪ್ಪಿದಿರಲ್ಲ ಎಂದರು ಜನರಲ್ ಮ್ಯಾನೇಜರ್. ನೀವು ಆರಿಸಿದಿರಲ್ಲ ಎಂದರು ಮುಖ್ಯ ಕೋಚ್. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆ ಸಭೆಯ ಫಲವಾಗಿ ಹುಟ್ಟಿದ್ದು ಒಂದು ಪುಟದ ಒಪ್ಪಿಗೆಪತ್ರ; ಅದರ ಕರಡು ತಯಾರಿಸುವಾಗ ನಮ್ಮ ವಿಭಾಗದ ಅಭಿಪ್ರಾಯವನ್ನೂ ಕೇಳಿದರು.

ಅದರ ತಿರುಳು ಹೀಗಿತ್ತು. ಮುಂದಾಳು ಮತ್ತು ಡಿಫೆನ್ಸ್ ಸಹಾಯಕರ ಹೆಸರನ್ನು ಮುಖ್ಯ ಕೋಚ್ ಸೂಚಿಸಬೇಕು, ಇವರೇ ಬೇಕು ಎಂದು ತನ್ನ ಸಹಿಯೊಂದಿಗೆ ಬರೆದುಕೊಡಬೇಕು. ಜನರಲ್ ಮ್ಯಾನೇಜರ್ ಆ ಹೆಸರನ್ನು ತಿರಸ್ಕರಿಸಬಹುದು, ಆದರೆ ಕಾರಣ ಬರೆಯಬೇಕು. ಬದಲಿಗೆ ತಮ್ಮ ಹೆಸರನ್ನು ತುಂಬುವಂತಿಲ್ಲ, ಕೋಚ್ ಇನ್ನೊಂದು ಹೆಸರು ತರಬೇಕು. ಗೋಲ್‌ಕೀಪರ್ ಕೋಚ್‌ನ ಆಯ್ಕೆ ಮಾತ್ರ ಜನರಲ್ ಮ್ಯಾನೇಜರ್‌ದು, ಏಕೆಂದರೆ ಗೋಲ್‌ಕೀಪರ್ ಪಳಗಲು ವರ್ಷಗಳು ಬೇಕು, ಕೆಳಹಂತದ ತಂಡದಿಂದ ಮೇಲಿನ ತಂಡದವರೆಗೆ ಒಂದೇ ಪದ್ಧತಿಯ ತರಬೇತಿ ಬೇಕು, ಅಷ್ಟು ಕಾಲ ಉಳಿಯುವ ಮುಖ್ಯ ಕೋಚ್‌ಗಳು ಕಡಿಮೆ. ವಿಡಿಯೊ ಕೋಚ್ ಮಾತ್ರ ಸಂಪೂರ್ಣವಾಗಿ ಮುಖ್ಯ ಕೋಚ್‌ನ ಆಯ್ಕೆ. ಎದುರಾಳಿಯ ಗೋಲನ್ನು ಪ್ರಶ್ನಿಸಿ ವಿಡಿಯೊ ಮರುಪರಿಶೀಲನೆ ಕೇಳಬೇಕೇ ಬೇಡವೇ ಎಂದು ಕೆಲವೇ ಕ್ಷಣಗಳಲ್ಲಿ ಹೇಳಬೇಕಾದವನು ಆತ. ಆ ಪ್ರಶ್ನೆ ಸೋತರೆ ಎರಡು ನಿಮಿಷದ ದಂಡ ತೆರಬೇಕಾಗುವುದರಿಂದ ಅವನ ಮಾತಿನ ಮೇಲೆ ಅರೆಮನಸ್ಸಿನ ನಂಬಿಕೆ ಸಾಲದು.

ಸಹಾಯಕರ ಒಪ್ಪಂದಗಳೂ ಮುಖ್ಯ ಕೋಚ್‌ನ ಒಪ್ಪಂದವೂ ಒಂದೇ ದಿನ ಮುಗಿಯಬೇಕು ಎಂಬ ಅಂಶದ ಬಗ್ಗೆ ಹೆಚ್ಚು ಚರ್ಚೆ ನಡೆಯಿತು. ಹೊಸ ಕೋಚ್‌ಗೆ ಖಾಲಿ ಬೆಂಚು ಸಿಗುತ್ತದೆ ಎಂಬುದು ಅದರ ಅನುಕೂಲ. ಆದರೆ ಮುಖ್ಯ ಕೋಚ್ ಮೇಲೆ ಬಿದ್ದ ಹೊಡೆತದಲ್ಲಿ ಮೂರ್ನಾಲ್ಕು ಮನೆಗಳು ಒಟ್ಟಿಗೆ ಊರು ಬಿಡಬೇಕಾಗುತ್ತದೆ. ಸಹಾಯಕರ ಸಂಬಳ ಮುಖ್ಯ ಕೋಚ್‌ನ ಸಂಬಳದ ಒಂದು ಪಾಲಷ್ಟೇ, ಮಕ್ಕಳ ಶಾಲೆ ಬದಲಿಸುವ ಕಷ್ಟ ಮಾತ್ರ ಎಲ್ಲರಿಗೂ ಒಂದೇ. ಆದ್ದರಿಂದ ಆ ದಿನಾಂಕದ ಆಚೆಗೆ ಒಂದು ವರ್ಷದ ಸಂಬಳದ ಭರವಸೆಯನ್ನು ಸೇರಿಸಬೇಕೆಂದು ಪವರ್ ಪ್ಲೇ ಸಹಾಯಕರು ಕೇಳಿದರು. ಅರ್ಧ ವರ್ಷಕ್ಕೆ ಒಪ್ಪಿಗೆಯಾಯಿತು.

ಫಲಿತಾಂಶ

ಡಿಫೆನ್ಸ್ ಸಹಾಯಕರು ಋತು ಮುಗಿಯುವವರೆಗೂ ಬೆಂಚಿನಲ್ಲೇ ಇದ್ದರು. ಜೂನ್‌ನಲ್ಲಿ ಅವರನ್ನು ಸಂಬಳ ತಗ್ಗಿಸದೆ ಯುವ ಆಟಗಾರರ ವಿಭಾಗಕ್ಕೆ ಮರಳಿಸಲಾಯಿತು. ಆಟಗಾರನ ಭಯವನ್ನು ಕೋಲಿನ ಚಲನೆಯಲ್ಲಿ ಓದಬಲ್ಲ ಅವರ ಕಣ್ಣಿಗೆ ಅದೇ ತಕ್ಕ ಜಾಗವಾಗಿತ್ತು. ಆ ಗೋಲಿಗೆ ಕಾರಣನಾದ ಹುಡುಗನನ್ನು ಬೇಸಗೆಯಿಡೀ ಜೊತೆಗೆ ನಿಂತು ತಿದ್ದಿದವರು ಅವರೇ. ಮುಖ್ಯ ಕೋಚ್ ಸೂಚಿಸಿದ ಮೊದಲ ಹೆಸರನ್ನು ಜನರಲ್ ಮ್ಯಾನೇಜರ್ ಕಾರಣ ಬರೆದು ತಿರಸ್ಕರಿಸಿದರು, ಎರಡನೆಯದನ್ನು ಒಪ್ಪಿದರು. ಮುಂದಿನ ವರ್ಷ ಪೆನಾಲ್ಟಿ ಕಿಲ್ ಲೀಗ್‌ನ ನಡುವಿನ ಸ್ಥಾನಕ್ಕೆ ಬಂತು. ಗೋಲ್‌ಕೀಪರ್ ಗುಣಮುಖರಾಗಿ ಹಿಂದಿರುಗಿದ್ದರಿಂದ, ಇದರಲ್ಲಿ ಎಷ್ಟು ಪಾಲು ಹೊಸ ಸಹಾಯಕರದು ಎಂದು ಅಂಕಿಗಳಿಂದ ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಬದಲಾದದ್ದು ಕಂಡದ್ದು ಬೆಂಚಿನಲ್ಲಿ: ತಪ್ಪು ಬದಲಾವಣೆಯಾದಾಗ ಮುಖ್ಯ ಕೋಚ್ ತಿರುಗಿ ಏನಾಯಿತು ಎಂದು ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು.

ಇದನ್ನೆಲ್ಲ ಕಂಡ ಮೇಲೆ ನನಗೆ ತಿಳಿದದ್ದು, ಸಹಾಯಕರನ್ನು ಜನರಲ್ ಮ್ಯಾನೇಜರ್ ಆರಿಸಬೇಕೇ, ಮುಖ್ಯ ಕೋಚ್ ಆರಿಸಬೇಕೇ ಎಂಬ ವಾದಕ್ಕಿಂತ ಮೊದಲು, ಆರಿಸಿದವರು ಅದನ್ನು ತಮ್ಮದೆಂದು ಹೇಳಿಕೊಂಡಿದ್ದಾರೆಯೇ ಎಂದು ನೋಡಬೇಕು ಎಂಬುದು. ಜನರಲ್ ಮ್ಯಾನೇಜರ್ ಅಂದೇ, ಇವರು ನನ್ನ ಆಯ್ಕೆ, ಪೆನಾಲ್ಟಿ ಕಿಲ್ ಕೆಟ್ಟರೆ ಅದಕ್ಕೆ ಉತ್ತರ ಕೊಡುವವನು ನಾನು ಎಂದಿದ್ದರೆ ಮುಖ್ಯ ಕೋಚ್‌ಗೆ ಅವಮಾನವಾಗುತ್ತಿತ್ತೇ ಹೊರತು ಅನುಮಾನ ಹುಟ್ಟುತ್ತಿರಲಿಲ್ಲ. ಅವಮಾನವನ್ನು ನುಂಗಿಕೊಂಡು ಕೆಲಸ ಮಾಡಿದವರನ್ನು ನಾನು ಕಂಡಿದ್ದೇನೆ. ಅನುಮಾನ ಇಟ್ಟುಕೊಂಡು ಒಂದೇ ಬೆಂಚಿನಲ್ಲಿ ನಿಂತವರು ಗೆದ್ದದ್ದನ್ನು ಕಂಡಿಲ್ಲ. ತಾತ್ಕಾಲಿಕ ಹುದ್ದೆಯಿಂದ ಮೇಲೆ ಬಂದ ಕೋಚ್‌ನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸುವ ಮುನ್ನ, ಇಲ್ಲ ಎನ್ನುವ ಧೈರ್ಯ ಅವರಿಗಿತ್ತೇ ಎಂದು ಕೇಳಿಕೊಳ್ಳುವುದೂ ಮೇಲಿನವರ ಕೆಲಸವೇ.

ಆ ಒಂದು ಪುಟದಲ್ಲಿ ಒಂದು ತೂತು ಉಳಿದಿತ್ತು, ಅದು ಮರುವರ್ಷವೇ ಕಾಣಿಸಿತು. ಮುಖ್ಯ ಕೋಚ್ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ನಡು ಋತುವಿನಲ್ಲಿ ಬರುವವರಿಗೆ ಸಹಾಯಕರ ವಿಷಯದಲ್ಲಿ ಯಾವ ಹಕ್ಕು ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ. ಹೊಸಬರು ಮೊದಲ ದಿನವೇ ಸಹಾಯಕರನ್ನು ತಮ್ಮ ಕೋಣೆಗೆ ಕರೆದು, ನಿಮ್ಮನ್ನು ನಾನು ಆರಿಸಿಲ್ಲ, ನೀವು ನನ್ನನ್ನು ಆರಿಸಿಲ್ಲ. ಮುಂದಿನ ವರ್ಷ ನನಗೆ ಯಾರು ಬೇಕೆಂಬುದನ್ನು ಮಾರ್ಚ್ 15ರೊಳಗೆ ಮುಖಕ್ಕೆ ಮುಖ ಕೊಟ್ಟು ಹೇಳುತ್ತೇನೆ, ಬೇರೆ ಕೆಲಸ ಹುಡುಕಿಕೊಳ್ಳಲು ಅಷ್ಟಾದರೂ ಸಮಯ ಸಿಗಲಿ ಎಂದರು. ಮಾರ್ಚ್ 12ರಂದು, ಅಭ್ಯಾಸ ಮುಗಿದ ಮೇಲೆ, ಒಬ್ಬೊಬ್ಬರನ್ನೇ ಕರೆದು ಹೇಳಿದರು. ಆ ದಿನಾಂಕದ ಷರತ್ತನ್ನು ಜನರಲ್ ಮ್ಯಾನೇಜರ್ ತಮ್ಮ ಕೈಯಿಂದಲೇ ಆ ಪುಟದ ಕೆಳಗೆ ಬರೆದು ಸೇರಿಸಿದರು.